ಎಡಗಡೆ ನಿಂತ ಅಕ್ಕ

ಹೋದ ವಾರ ಅಕ್ಕ ಬಂದಿದ್ದಳು. ಕೈಯಲ್ಲಿ ಅದೇ ಹಳೆಯ ಸ್ಟೀಲ್ ಡಬ್ಬಿ. ಮುಚ್ಚಳ ತೆಗೆದು ನನ್ನ ಮೂಗಿನ ಹತ್ತಿರ ಹಿಡಿದು, "ನೋಡೇ ಗಿರಿಜಾ, ಹೊಸಾ ಅರಿಶಿನ. ಎಂಗೆ ಘಮ್ಮಂತದೆ" ಎಂದಳು. ನನಗೆ ಘಮ್ಮೂ ಇಲ್ಲ, ಗಿಮ್ಮೂ ಇಲ್ಲ. ನನ್ನ ಮೂಗಿಗೆ ಅರಿಶಿನವೂ ಒಂದೇ, ಸೀಮೆಸುಣ್ಣದ ಪುಡಿಯೂ ಒಂದೇ. ಮೂಗಿನ ಒಳಗಿಂದ ದಾರಿ ಮಾಡಿಕೊಂಡು ಆಪರೇಷನ್ ಮಾಡಿದಂದಿನಿಂದ ವಾಸನೆ ಎನ್ನುವುದು ನನ್ನ ಪಾಲಿಗೆ ಮುಗಿದುಹೋಗಿದೆ. ಇದು ಅಕ್ಕನಿಗೆ ಗೊತ್ತು, ಆದರೂ ಪ್ರತಿ ಸಲ ಮರೆತುಬಿಡುತ್ತಾಳೆ. ಬೇರೆಯವರಿಗೆಲ್ಲ ಯಾವುದೋ ವಾಸನೆ ಬಂದು ಹಳೆಯದು ನೆನಪಾಗುತ್ತದಂತೆ. ನನಗೆ ಬರಬೇಕಾದ ವಾಸನೆ ಬಾರದೇ ಹೋದಾಗ ನೆನಪಾಗುತ್ತದೆ. ನೆನಪಿನ ಜೊತೆಗೆ ಸಿಟ್ಟೂ ಬರುತ್ತದೆ.

"ಆಷಾಢ ಬಂತಲ್ಲ. ಈ ಸಲ ಇಬ್ರೂ ಬೆಟ್ಟ ಹತ್ತಾಣ ಕಣೆ" ಎಂದಳು ಅಕ್ಕ.

ಕಾಫಿ ಕೊಟ್ಟೆ. ಕುಡಿದು, ಡಬ್ಬಿಯನ್ನು ಮೇಜಿನ ಮೇಲೇ ಬಿಟ್ಟು ಹೋದಳು. ವಾರವಿಡೀ ಅದು ಅಲ್ಲೇ ಕೂತಿತ್ತು. ಊಟಕ್ಕೆ ಕೂತಾಗಲೆಲ್ಲ ಅದನ್ನು ನೋಡಿ ಆ ವರ್ಷವನ್ನು ನೆನೆದು ಮೈ ಉರಿಸಿಕೊಂಡೆ.

ನಾನು ಪಿ.ಟಿ. ಟೀಚರ್. ಮನೆ ಕೃಷ್ಣಮೂರ್ತಿಪುರಂನಲ್ಲಿ, ಕೆಲಸ ಸ್ವಲ್ಪ ದೂರದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ. ಮಕ್ಕಳು ನನಗೆ ಇಟ್ಟ ಹೆಸರು ವಿಷಲ್ ಮಿಸ್. ಕತ್ತಿನಲ್ಲಿ ತಾಳಿ ಇದೆಯೋ ಇಲ್ಲವೋ ನೋಡಿಕೊಳ್ಳದೆ ಮನೆ ಬಿಟ್ಟೇನು, ವಿಷಲ್ ಇಲ್ಲದೆ ಬಿಟ್ಟವಳಲ್ಲ. ಥ್ರೋಬಾಲ್ ನನ್ನ ಜೀವ. ನಮ್ಮ ಶಾಲೆಯ ಹುಡುಗಿಯರು ಆಟಕ್ಕೆ ನಿಂತರೆ ಚೆಂಡು ಗೆರೆಯ ಒಳಗೆ ಬಿತ್ತೋ ಹೊರಗೆ ಬಿತ್ತೋ ಎಂದು ಹೇಳುವುದಕ್ಕೆ ನನಗೆ ತಲೆ ತಿರುಗಿಸುವ ಅಗತ್ಯವೂ ಇರಲಿಲ್ಲ. ನಿಂತಲ್ಲಿಂದಲೇ ಎರಡೂ ಬದಿ ಕಾಣುತ್ತಿತ್ತು.

ಆ ಎರಡು ಬದಿಗಳೇ ಮೊದಲು ಕೈಕೊಟ್ಟವು. ಆ ಮಳೆಗಾಲದಲ್ಲಿ ನಾನು ಔಟ್ ಅಂದರೆ ಹುಡುಗಿಯರು ಲೈನ್ ಅನ್ನುವುದು, ನಾನು ಲೈನ್ ಅಂದರೆ "ಮಿಸ್, ಅಷ್ಟು ದೂರ ಬಿದ್ದಿದೆ ಮಿಸ್!" ಎಂದು ಕಿರುಚುವುದು ಶುರುವಾಯಿತು. ಗದರಿಸಿ ಬಾಯಿ ಮುಚ್ಚಿಸಿದೆ. ಒಂದು ದಿನ ಎಡಗಡೆಯಿಂದ ಬಂದ ಚೆಂಡು ನೇರ ಕಿವಿಗೆ ಬಡಿಯಿತು. ಎಲ್ಲಿಂದ ಬಂತೆಂದೇ ತಿಳಿಯಲಿಲ್ಲ. ಕನ್ನಡಕ ಬದಲಾಯಿಸಿದೆ, ತಲೆನೋವಿಗೆ ಮಾತ್ರೆ ನುಂಗಿದೆ, ಸ್ಕೂಟರಿನಲ್ಲಿ ಒಂದೆರಡು ಕಡೆ ಗೀಚಿಕೊಂಡೆ. ಕೊನೆಗೆ ಕಣ್ಣಿನ ಡಾಕ್ಟರು ಒಂದು ಯಂತ್ರದೊಳಗೆ ಮುಖ ಇಡಿಸಿ, ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಗುಂಡಿ ಒತ್ತಿ ಎಂದರು. ನಾನು ಕಂಡಿದ್ದಕ್ಕೆಲ್ಲ ಒತ್ತಿದೆ. ಆಚೀಚೆ ಎರಡೂ ಬದಿಯಲ್ಲಿ ಬಂದುಹೋದ ಚುಕ್ಕಿಗಳು ನನಗೆ ಕಂಡೇ ಇರಲಿಲ್ಲವಂತೆ.

ಸ್ಕ್ಯಾನ್ ಆಯಿತು. ಮೂಗಿನ ಹಿಂದೆ, ಮೆದುಳಿನ ಅಡಿಯಲ್ಲಿ ಕಡಲೆಕಾಳಿನಷ್ಟು ದೊಡ್ಡ ಗ್ರಂಥಿ ಒಂದಿದೆ, ಪಿಟ್ಯುಟರಿ ಎಂದು ಅದರ ಹೆಸರು, ಮೈಯ ಉಳಿದ ಗ್ರಂಥಿಗಳಿಗೆಲ್ಲ ಅದೇ ಹೆಡ್‌ಮಿಸ್ ಎಂದು ಅವತ್ತು ನನಗೆ ತಿಳಿಯಿತು. ಅದರಲ್ಲಿ ಗಡ್ಡೆ ಬೆಳೆದು ಮೇಲಿರುವ ಕಣ್ಣಿನ ನರವನ್ನು ಒತ್ತುತ್ತಿತ್ತು. ಕ್ಯಾನ್ಸರ್ ಅಲ್ಲ, ಆದರೆ ಬಿಟ್ಟರೆ ಕಣ್ಣು ಹೋಗುತ್ತದೆ ಎಂದರು. ಸಂಕ್ರಾಂತಿ ಕಳೆದ ಕೂಡಲೇ ಆಪರೇಷನ್ ಎಂದು ನಿಗದಿಯಾಯಿತು.

ಇಲ್ಲಿ ಅಕ್ಕನ ವಿಷಯ ಹೇಳಬೇಕು. ಸರೋಜಕ್ಕ ನನಗಿಂತ ಹತ್ತು ವರ್ಷ ದೊಡ್ಡವಳು. ಲಷ್ಕರ್ ಮೊಹಲ್ಲಾದಲ್ಲಿ ಭಾವನ ಗ್ರಂಧಿಗೆ ಅಂಗಡಿ ಇದೆ. ಅರಿಶಿನ, ಕುಂಕುಮ, ವಿಭೂತಿ, ಕರ್ಪೂರ, ಊದುಬತ್ತಿ, ಯಾರ ಮನೆಯ ಪೂಜೆಗೆ ಏನು ಬೇಕೋ ಎಲ್ಲ ಅಲ್ಲಿ ಸಿಗುತ್ತದೆ. ಅಂಗಡಿಯ ವಾಸನೆ ಅಕ್ಕನ ಸೀರೆಗೇ ಹತ್ತಿಕೊಂಡಿತ್ತು. ನಮ್ಮಮ್ಮ ತೀರಿಕೊಂಡಾಗ ನಾನು ಮೂರನೇ ಕ್ಲಾಸು. ಮನೆ ತುಂಬ ಜನ. ಎಲ್ಲರೂ ನನಗೆ ಅಮ್ಮ ಆಸ್ಪತ್ರೆಯಲ್ಲಿದ್ದಾಳೆ, ನಾಳೆ ಬರುತ್ತಾಳೆ ಎಂದೇ ಹೇಳುತ್ತಿದ್ದರು. ಅಕ್ಕ ಒಬ್ಬಳು ನನ್ನ ಕೈಹಿಡಿದು ಹಿತ್ತಲಿಗೆ ಕರೆದುಕೊಂಡು ಹೋಗಿ, "ಅಮ್ಮ ಸತ್ತೋದ್ಳು ಕಣೆ. ಬರಲ್ಲ" ಎಂದಳು. ಅಂದಿನಿಂದ ಪ್ರಪಂಚದಲ್ಲಿ ಯಾರು ಸುಳ್ಳು ಹೇಳಿದರೂ ಅಕ್ಕ ಹೇಳುವುದಿಲ್ಲ ಎಂದು ನಂಬಿಕೊಂಡು ಬಂದವಳು ನಾನು. ಮದುವೆಯ ಸಂಬಂಧ ಬಂದಾಗಲೂ ಅಕ್ಕನನ್ನೇ ಕೇಳಿದ್ದೆ. "ಹುಡ್ಗ ಒಳ್ಳೇವ್ನು. ಧೈರ್ಯ ಮಾತ್ರ ಸೊನ್ನೆ" ಎಂದಿದ್ದಳು. ಅದೂ ನಿಜವೇ ಆಯಿತು.

ಆಪರೇಷನ್ ಆಗಿ ಎಚ್ಚರವಾದಾಗ ಮೂಗಿನ ತುಂಬ ಹತ್ತಿ ತುರುಕಿದ್ದರು. ಬಾಯಲ್ಲಿ ಉಸಿರಾಡುತ್ತಿದ್ದೆ. ಸರ್ಜನ್ ಡಾಕ್ಟರು ನಮ್ಮ ಮನೆಯವರನ್ನೂ ಅಕ್ಕನನ್ನೂ ತಮ್ಮ ಕೋಣೆಗೆ ಕರೆಸಿಕೊಂಡು ಮಾತಾಡಿದರಂತೆ. ಇಬ್ಬರೂ ವಾಪಸು ಬಂದರು. ಅಕ್ಕ ಮಂಚದ ಎಡಬದಿಗೆ ನಿಂತು ನನ್ನ ತಲೆ ಸವರುತ್ತ, "ಎಲ್ಲಾ ತೆಗದ್ಬುಟ್ರು ಕಣೆ. ಬೇರು ಸಮೇತ" ಎಂದಳು.

"ಪೂರ್ತಿನಾ?" ಎಂದೆ, ಬಾಯಲ್ಲೇ.

"ಪೂರ್ತಿ. ಬೇರು ಸಮೇತ ಅಂದ್ನಲ್ಲ."

ನಮ್ಮ ಮನೆಯವರು, ಲೋಕೇಶ್, ಡ್ರಿಪ್ಪಿನ ಬಾಟಲಿಯನ್ನೇ ನೋಡುತ್ತ "ಹೂಂ" ಎಂದರು. ಅವರು ವಿದ್ಯುತ್ ಇಲಾಖೆಯ ಕಚೇರಿಯಲ್ಲಿ ಕೆಲಸ ಮಾಡುವವರು, ಎಲ್ಲದಕ್ಕೂ ಹೂಂ ಅನ್ನುವುದು ಅವರಿಗೆ ರೂಢಿ. ನನಗೆ ಅನುಮಾನ ಬರಲಿಲ್ಲ. ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಆಮೇಲಿನ ತಿಂಗಳುಗಳಲ್ಲಿ ನನ್ನ ಮೈ ನನ್ನ ಮಾತು ಕೇಳುವುದನ್ನೇ ಬಿಟ್ಟಿತು. ಮೊದಲು ಬಾಯಾರಿಕೆ. ಎಂಥ ಬಾಯಾರಿಕೆ ಎಂದರೆ ಒಂದು ಬಿಂದಿಗೆ ನೀರು ಕುಡಿದರೂ ನಾಲಿಗೆ ಒಣ ಒಣ. ಕುಡಿದದ್ದೆಲ್ಲ ಕೆ.ಆರ್.ಎಸ್. ತೂಬು ತೆಗೆದ ಹಾಗೆ ಹೊರಗೆ ಹೋಗುತ್ತಿತ್ತು. ಮೈಯಲ್ಲಿ ನೀರನ್ನು ಹಿಡಿದಿಡುವ ಹಾರ್ಮೋನೂ ಅದೇ ಗ್ರಂಥಿಯಿಂದ ಬರಬೇಕಂತೆ, ಅದಕ್ಕೆ ಪೆಟ್ಟಾಗಿತ್ತಂತೆ. ಅದಕ್ಕೊಂದು ಔಷಧಿ ಕೊಟ್ಟರು, ಕೆಲವು ವಾರಗಳಲ್ಲಿ ಹತೋಟಿಗೆ ಬಂತು. ಥೈರಾಯ್ಡಿಗೆ ಒಂದು ಮಾತ್ರೆ. ಬೆಳಿಗ್ಗೆ ತಿಂಡಿಯ ಜೊತೆ, ಮಧ್ಯಾಹ್ನ ಊಟದ ಜೊತೆ ಇನ್ನೊಂದು ಬಿಳೀ ಮಾತ್ರೆ. ವಾಸನೆ ಹೋಯಿತು. ಮೂಗು ಸೀಟುವಂತಿಲ್ಲ, ಬಗ್ಗುವಂತಿಲ್ಲ, ಸೀನು ಬಂದರೆ ಬಾಯಿ ತೆರೆದು ಸೀನಬೇಕು, ವಿಷಲ್ ಅಂತೂ ಊದಲೇಬಾರದು. ವಿಷಲ್ ಊದದ ವಿಷಲ್ ಮಿಸ್ ಮನೆಯಲ್ಲಿ ಕೂತು ಸೊಪ್ಪು ಸೋಸುತ್ತಿದ್ದಳು.

ಆದರೆ ಕಣ್ಣು ಬಂತು. ಅದೊಂದು ಬಂದದ್ದಕ್ಕೆ ಉಳಿದದ್ದನ್ನೆಲ್ಲ ಮರೆತೆ. ಒಂದು ಬೆಳಿಗ್ಗೆ ಅಕ್ಕ ನನ್ನ ಎಡಗಡೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಾನು ಎದುರಿನ ಗೋಡೆ ನೋಡುತ್ತಿದ್ದೆ. ಇದ್ದಕ್ಕಿದ್ದಂತೆ ಅಂಚಿನಲ್ಲಿ ಕೆಂಪಗೆ ಏನೋ ಅಲ್ಲಾಡಿತು. ಅಕ್ಕನ ಗಾಜಿನ ಬಳೆಗಳು! "ಅಕ್ಕ, ನಿನ್ನ ಬಳೆ ಕಾಣ್ತಿದೆ!" ಎಂದು ಕೂಗಿಕೊಂಡೆ. ಅಕ್ಕ ಕಾಳಿನ ಬುಟ್ಟಿ ಕೆಳಗೆ ಬಿಟ್ಟು ಅತ್ತಳು. ನಾನೂ ಅತ್ತೆ. ಅಂದಿನಿಂದ ಅಕ್ಕ ಬಂದರೆ ಎಡಗಡೆಗೇ ಕೂರುವುದು, ಬಳೆ ಅಲ್ಲಾಡಿಸಿ "ಕಾಣ್ತದೇನೇ?" ಎಂದು ಕೇಳುವುದು ನಮ್ಮಿಬ್ಬರ ಆಟವಾಯಿತು.

ಆಷಾಢಕ್ಕೆ ಮುಂಚೆ ಅಕ್ಕ ಹರಕೆಯ ವಿಷಯ ತೆಗೆದಳು. ಆಪರೇಷನ್ ದಿನವೇ ಹೇಳಿಕೊಂಡಿದ್ದಳಂತೆ, ಅಕ್ಕತಂಗಿ ಇಬ್ಬರೂ ಉಪವಾಸವಿದ್ದು ಬೆಟ್ಟದ ಬುಡದ ಪಾದದಿಂದ ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಇಟ್ಟುಕೊಂಡು ಬೆಟ್ಟ ಹತ್ತುತ್ತೇವೆ ಎಂದು. ನನಗೂ ಅದು ಸರಿ ಅನ್ನಿಸಿತು. ಇಷ್ಟೆಲ್ಲ ಕೊಟ್ಟ ತಾಯಿಗೆ ಬಗ್ಗಿ ನಾಲ್ಕು ಮೆಟ್ಟಿಲಿಗೆ ಅರಿಶಿನ ಹಚ್ಚುವುದು ದೊಡ್ಡದೇ? ಬಗ್ಗಬಹುದು ಎಂದು ಡಾಕ್ಟರೂ ಹೇಳಿಯಾಗಿತ್ತು.

ಶುಕ್ರವಾರ ಇನ್ನೂ ಬೆಳಕು ಹರಿಯುವ ಮುಂಚೆ ಪಾದದ ಹತ್ತಿರ ಸೇರಿದೆವು. ತುಂತುರು ಮಳೆ, ಬೆಟ್ಟದ ತುಂಬ ಮಂಜು, ಹೆಂಗಸರ ಸಾಲು. ನಾನು ಮಾತ್ರೆಯ ಪಟ್ಟಿ ತೆಗೆದೆ. ಅಕ್ಕ ತಡೆದಳು. "ಬರೀ ಹೊಟ್ಟೇಲಿ ನುಂಗ್ಬ್ಯಾಡ ಕಣೆ, ಉರಿ ಬತ್ತದೆ. ಇಳಿದ್ಮೇಲೆ ಊಟ ಮಾಡಿ ನುಂಗೀವಂತೆ." ಏನಾದರೂ ತಿಂದೇ ನುಂಗಿ ಎಂದು ಆಸ್ಪತ್ರೆಯವರೂ ಹೇಳಿದ್ದರು. ಹಿಂದಿನ ರಾತ್ರಿಯಿಂದ ನಾನು ತಿಂದಿರಲಿಲ್ಲ. ಮಾತ್ರೆ ಚೀಲಕ್ಕೆ ವಾಪಸು ಹೋಯಿತು.

ಅರಿಶಿನ ನನ್ನದು, ಕುಂಕುಮ ಅಕ್ಕನದು. ನಾನು ಬಲಗಡೆ, ಅವಳು ಎಡಗಡೆ. ಒಂದೊಂದು ಮೆಟ್ಟಿಲಿಗೂ ನಾನು ಹಳದಿ ಹಚ್ಚಿದ ಮೇಲೆ ಅವಳು ನಡುವೆ ಕೆಂಪು ಇಡುವಳು. ಪ್ರತಿ ಮೆಟ್ಟಿಲಿಗೂ ನಾನು ಮನಸ್ಸಿನಲ್ಲಲ್ಲ, ಬಾಯಿಬಿಟ್ಟೇ ಹೇಳುತ್ತಿದ್ದೆ: "ಪೂರ್ತಿ ತೆಗೆದೆಯಲ್ಲ ತಾಯಿ, ನಿಂಗೆ ಶರಣು." ಪಿ.ಟಿ. ಟೀಚರ ಗಂಟಲು, ಮುಂದಿನವರು ಹಿಂದಿನವರೆಲ್ಲ ತಿರುಗಿ ನೋಡುತ್ತಿದ್ದರು. ಅಕ್ಕನ ತುಟಿ ಮಾತ್ರ ಅಲ್ಲಾಡುತ್ತಿತ್ತು. ಏನು ಹೇಳಿಕೊಳ್ಳುತ್ತಿದ್ದಾಳೆ ಎಂದು ನಾನು ಕೇಳಲಿಲ್ಲ. ನಾನು ಹೇಳಿದ್ದನ್ನೇ ಅವಳೂ ಹೇಳುತ್ತಿದ್ದಾಳೆ ಎಂದುಕೊಂಡಿದ್ದೆ.

ದಾರಿಯಲ್ಲಿ ಸಿಗುವ ದೊಡ್ಡ ನಂದಿಯ ವಿಗ್ರಹಕ್ಕೆ ಇನ್ನೂ ಸ್ವಲ್ಪ ಕೆಳಗಿರುವಾಗ ಕಾಲಿನ ಬಲ ಹೋಯಿತು. ಸುಸ್ತು ಎಂದುಕೊಂಡೆ. ನಾನು ಹುಡುಗಿಯರನ್ನು ಮೈದಾನದ ಸುತ್ತ ಓಡಿಸಿ ಓಡಿಸಿ ಬೆಳೆದವಳು, ಸುಸ್ತು ಗೊತ್ತಿಲ್ಲದವಳಲ್ಲ. ಇದು ಬೇರೆ. ಮೈಯೆಲ್ಲ ತಣ್ಣಗೆ ಬೆವೆತು, ಬರೀ ಹಳದಿ ನೀರು ವಾಂತಿಯಾಯಿತು. ಕಿವಿಯಲ್ಲಿ ಗುಯ್ ಎಂದು ಸದ್ದು. ಹಿಂದೆ ನೀರಿನ ಬಾಟಲಿ ಹಿಡಿದು ಬರುತ್ತಿದ್ದ ಲೋಕೇಶ್ ಮತ್ತು ಯಾರೋ ಪುಣ್ಯಾತ್ಮರು ನನ್ನನ್ನು ಎತ್ತಿಕೊಂಡು ನಂದಿಯವರೆಗೆ ತಂದರು. ಅಲ್ಲಿ ರಸ್ತೆ ಇದೆ, ಒಂದು ಕಾರು ಸಿಕ್ಕಿತು.

"ಅಕ್ಕ, ನೀನೂ ಬಾ" ಎಂದೆ. ಅದಿಷ್ಟು ನನಗೆ ನೆನಪಿದೆ.

"ನೀವು ಕರ್ಕೊಂಡೋಗಿ ಲೋಕೇಶಪ್ಪ" ಎಂದಳು ಅಕ್ಕ. "ನಾನು ಮುಗಿಸಿ ಬತ್ತೀನಿ. ಅರ್ಧಕ್ಕೆ ಬುಡಂಗಿಲ್ಲ." ಅರಿಶಿನದ ಡಬ್ಬಿಯನ್ನು ನನ್ನ ಕೈಯಿಂದ ಬಿಡಿಸಿಕೊಂಡು ತಿರುಗಿ ಮೆಟ್ಟಿಲ ಕಡೆ ಹೋದಳು.

ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಒಂದು ಇಂಜೆಕ್ಷನ್ ಕೊಟ್ಟು ಬಾಟಲಿ ಏರಿಸಿದರು. ಹೊತ್ತು ಮಧ್ಯಾಹ್ನವಾಗುವಷ್ಟರಲ್ಲಿ ಎದ್ದು ಕೂತೆ. ಅಲ್ಲಿನ ಡಾಕ್ಟರಮ್ಮ ಚೆನ್ನಾಗಿ ಬೈದರು. "ಕಷ್ಟದಲ್ಲಿ ಮೈಯನ್ನ ಎತ್ತಿ ನಿಲ್ಲಿಸೋ ಹಾರ್ಮೋನು ನಿಮ್ಮಲ್ಲಿ ಈಗ ತಯಾರಾಗಲ್ಲ. ಆ ಬಿಳೀ ಮಾತ್ರೆನೇ ಅದು. ಉಪವಾಸ ಮಾಡಿ, ಬೆಟ್ಟ ಬೇರೆ ಹತ್ತಿ, ಅದನ್ನೂ ಬಿಟ್ರೆ ಜೀವಾನೇ ಹೋಗುತ್ತೆ. ಜ್ವರ ಬಂದರೆ ಎರಡರಷ್ಟು ತಗೋಬೇಕು. ನಿಮ್ಮ ಮನೆಯವರಿಗೆ ಎಲ್ಲ ಹೇಳಿದ್ರಂತಲ್ಲ?" ಎಂದರು. ಮನೆಯವರು ಕಿಟಕಿಯ ಕಡೆ ನೋಡಿದರು.

ಸಂಜೆ ಅಕ್ಕ ಪ್ರಸಾದ ತಂದಳು. ಬೆರಳ ಗಂಟುಗಳೆಲ್ಲ ಹಳದಿ ಕೆಂಪು, ಮಂಡಿಯ ಹತ್ತಿರ ಸೀರೆ ಸವೆದುಹೋಗಿತ್ತು. ನನ್ನ ಪಾಲಿನ ಹರಕೆಯನ್ನೂ ಒಬ್ಬಳೇ ತೀರಿಸಿ ಬಂದಿದ್ದಾಳೆ ಎಂದು ಆ ಕೈಗಳನ್ನು ಕಣ್ಣಿಗೊತ್ತಿಕೊಂಡು ಅತ್ತೆ. ಅತ್ತದ್ದು ನೆನಪಾದರೆ ಈಗಲೂ ನನ್ನ ಮೇಲೇ ನನಗೆ ಕನಿಕರವಾಗುತ್ತದೆ.

ದಸರೆ ಕಳೆಯಿತು. ಶಾಲೆಗೆ ಹೋಗತೊಡಗಿದೆ, ವಿಷಲ್ ಊದಿದೆ, ಹುಡುಗಿಯರು ಚಪ್ಪಾಳೆ ತಟ್ಟಿದರು. ಮತ್ತೆ ಸಂಕ್ರಾಂತಿ ಬಂತು. ವರ್ಷದ ಸ್ಕ್ಯಾನಿಗೆ ಬನ್ನಿ ಎಂದು ಆಸ್ಪತ್ರೆಯಿಂದ ಫೋನ್ ಬಂತು. ಅವತ್ತು ಅಕ್ಕ ಎಳ್ಳು ಬೀರಲು ಬಂದಿದ್ದಳು. ಕೇಳಿ ಮುಖ ಗಂಟು ಹಾಕಿಕೊಂಡಳು. "ಏನೂ ಬ್ಯಾಡ. ಹರಕೆ ತೀರಿಸ್ಬುಟ್ಟು ಮತ್ತೆ ಪರೀಕ್ಷೆ ಮಾಡ್ಸಿದ್ರೆ ಆ ತಾಯೀನೇ ಅನುಮಾನ ಪಟ್ಟಂಗೆ. ಕೊಟ್ಟೋಳ ಎದುರಿಗೇ ಎಣಿಸಿ ನೋಡ್ತಾರಾ?"

"ನೀವೇನಂತೀರಿ?" ಎಂದು ಇವರನ್ನು ಕೇಳಿದೆ.

"ಅಕ್ಕ ಹೇಳೋದೂ ಸರಿ ಅನ್ಸುತ್ತೆ. ಇನ್ನೊಂದು ಸ್ವಲ್ಪ ದಿನ ನೋಡಿ ಹೋಗೋಣ ಬಿಡು" ಎಂದರು.

ನನಗೂ ಒಳ್ಳೆಯದೇ ಆಯಿತು. ಆ ಕೊಳವೆಯೊಳಗೆ ಮಲಗಿ ಟಕಟಕ ಸದ್ದು ಕೇಳುವುದು ಯಾರಿಗೆ ಬೇಕು? ಬೇರು ಸಮೇತ ಹೋದ ಗಡ್ಡೆಗೆ ಸ್ಕ್ಯಾನ್ ಯಾಕೆ ಎಂದು ನಾನೇ ಫೋನಿನಲ್ಲಿ ನಗುತ್ತ ಹೇಳಿ ಇಟ್ಟೆ. ಆಸ್ಪತ್ರೆಯ ಹುಡುಗಿ ಏನೋ ಹೇಳಲು ಹೊರಟಿದ್ದಳು, ನಾನು ಕೇಳಿಸಿಕೊಳ್ಳಲಿಲ್ಲ.

ಜೂನಿನಲ್ಲಿ ಶಾಲೆ ಶುರುವಾಗಿ ಸ್ವಲ್ಪ ದಿನವಾಗಿತ್ತು. ಒಂದು ಭಾನುವಾರ ಅಕ್ಕನ ಅಂಗಡಿಯಲ್ಲಿ ಕೂತಿದ್ದೆ. ಅಕ್ಕ ಪಕ್ಕದಲ್ಲೇ ಕೂತು ಕುಂಕುಮದ ಪೊಟ್ಟಣ ಕಟ್ಟುತ್ತ ಏನೋ ಹೇಳುತ್ತಿದ್ದಳು. ಬಳೆಯ ಸದ್ದು ಕೇಳಿಸುತ್ತಿತ್ತು. ಬಳೆ ಕಾಣಲಿಲ್ಲ. ನೇರ ನೋಡಿಕೊಂಡೇ, "ಅಕ್ಕ, ಕೈ ಎತ್ತು" ಎಂದೆ. "ಎತ್ತೇ ಇದ್ದೀನಲ್ಲೇ" ಎಂದಳು. ಮತ್ತೆ ಸದ್ದು ಬಂತು. ನಾನು ತಲೆ ತಿರುಗಿಸಿ ನೋಡಿದೆ. ಅಕ್ಕನ ಮುಖ ಸುಣ್ಣ ಬಳಿದ ಹಾಗೆ ಬಿಳಿಚಿಕೊಂಡಿತ್ತು. ಪಾಪ, ನನಗಿಂತ ಅವಳೇ ಹೆದರಿದ್ದಾಳೆ ಎಂದುಕೊಂಡೆ.

ಮರುದಿನ ಇವರಿಗೆ ಹೇಳದೆ ಆಟೋ ಹತ್ತಿಕೊಂಡು ಒಬ್ಬಳೇ ಆಸ್ಪತ್ರೆಗೆ ಹೋದೆ. ಹೇಳದೆ ಹೋದದ್ದಕ್ಕೆ ಬೇರೆ ಕಾರಣವಿರಲಿಲ್ಲ, ಇವರು ಗಾಬರಿಯಾದರೆ ನಾನೇ ಸಮಾಧಾನ ಮಾಡಬೇಕಾಗುತ್ತದೆ ಎಂದಷ್ಟೇ. ಸ್ಕ್ಯಾನ್ ಆಯಿತು. ಸರ್ಜನ್ ಡಾಕ್ಟರು ಪರದೆಯ ಮೇಲೆ ನನ್ನ ತಲೆಯನ್ನು ಮೇಲೆ ಕೆಳಗೆ ಸರಿಸುತ್ತ, "ಈಗಲಾದ್ರೂ ಬಂದ್ರಲ್ಲ. ಉಳಿದಿದ್ದ ಭಾಗ ಬೆಳೆದಿದೆ" ಎಂದರು.

"ಉಳಿದಿದ್ದ ಭಾಗ ಅಂದ್ರೆ?"

ಅವರು ನನ್ನ ಕಡೆ ತಿರುಗಿದರು. "ಆಪರೇಷನ್ ದಿನಾನೇ ಹೇಳಿದ್ನಲ್ಲಮ್ಮ. ಎಡಗಡೆ ದೊಡ್ಡ ರಕ್ತನಾಳಕ್ಕೆ ಅಂಟಿಕೊಂಡಿರೋದನ್ನ ಕೀಳಕ್ಕಾಗಲ್ಲ, ಸ್ವಲ್ಪ ಬಿಟ್ಟಿದ್ದೀನಿ, ಅದು ಬೆಳೆಯುತ್ತಾ ಅಂತ ನೋಡ್ತಾ ಇರಬೇಕು ಅಂತ."

"ಯಾರಿಗೆ ಹೇಳಿದ್ರಿ?"

"ನಿಮ್ಮ ಯಜಮಾನರಿಗೆ. ನಿಮ್ಮ ಅಕ್ಕ ಅಂತೆ, ಅವರಿಗೆ. ನಿಮಗೆ ಹೇಳಬೇಡಿ, ಎದೆ ಒಡ್ಕೊಂಡುಬಿಡ್ತಾಳೆ, ನಾವೇ ನೋಡ್ಕೋತೀವಿ ಅಂದ್ರು."

"ಡಾಕ್ಟ್ರೇ, ತಲೆ ಯಾರದು?" ಎಂದೆ. ಮೈದಾನದ ಗಂಟಲು, ಹೊರಗೆ ಕೂತವರಿಗೂ ಕೇಳಿಸಿರಬೇಕು. "ತಲೆ ನಂದು, ಕಣ್ಣು ನಂದು, ಹೇಳಿದ್ದು ಅವರಿಗಾ?"

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ನಮ್ಮ ಕಡೆ ಹೀಗೇ ನಡೆಯುತ್ತಮ್ಮ. ತಪ್ಪೇ" ಎಂದರು. ಸಂಕ್ರಾಂತಿಗೇ ಬಂದಿದ್ದರೆ ನರವನ್ನು ಒತ್ತುವ ಮುಂಚೆಯೇ ಏನಾದರೂ ಮಾಡಬಹುದಿತ್ತು, ಈಗ ಎಡಗಣ್ಣಿನಲ್ಲಿ ಹೋದದ್ದು ವಾಪಸು ಬರುತ್ತದೆಂದು ಹೇಳಲಾರೆ ಎಂದರು.

ಅಲ್ಲಿಂದ ನೇರ ಲಷ್ಕರ್ ಮೊಹಲ್ಲಾಕ್ಕೆ. ಆಟೋದಲ್ಲಿ ಕೂತು ನಾನು ಮನಸ್ಸಿನಲ್ಲೇ ಮತ್ತೆ ಆ ಮೆಟ್ಟಿಲು ಹತ್ತುತ್ತಿದ್ದೆ. ಒಂದೊಂದು ಮೆಟ್ಟಿಲಿಗೂ ಪೂರ್ತಿ ತೆಗೆದೆ ತಾಯಿ, ಪೂರ್ತಿ ತೆಗೆದೆ ತಾಯಿ ಎಂದು ಕೂಗಿದ್ದು ನೆನಪಾಗಿ ನಾಚಿಕೆಯಿಂದ ಮುಖ ಮುಚ್ಚಿಕೊಂಡೆ. ದೇವರ ಎದುರಿಗೆ ಹುಚ್ಚಿಯ ಹಾಗೆ ಸುಳ್ಳು ಕೂಗುತ್ತಿದ್ದೆ. ಅದು ಸುಳ್ಳೆಂದು ಗೊತ್ತಿದ್ದವಳು ನನ್ನ ಎಡಗಡೆಯೇ ಇದ್ದಳು.

ಅಂಗಡಿಯಲ್ಲಿ ಒಬ್ಬರು ಕರ್ಪೂರಕ್ಕೆ ನಿಂತಿದ್ದರು. ಅವರು ಹೋಗುವವರೆಗೆ ಹಲ್ಲು ಕಚ್ಚಿಕೊಂಡು ನಿಂತೆ. ಭಾವ ಒಳಗೆ ಊಟ ಮಾಡುತ್ತಿದ್ದರು.

"ಉಳಿದಿದೆ ಅಂತ ನಿಂಗೆ ಗೊತ್ತಿತ್ತು" ಎಂದೆ.

ಅಕ್ಕ ತಕ್ಕಡಿಯನ್ನು ಕೆಳಗಿಟ್ಟಳು. "ಕೂತ್ಕೊ."

"ಕೂರಲ್ಲ. ಪ್ರಪಂಚವೆಲ್ಲ ಸುಳ್ಳು ಹೇಳ್ತಿದ್ದಾಗ ಹಿತ್ತಲಿಗೆ ಕರ್ಕೊಂಡು ಹೋಗಿ ನಿಜ ಹೇಳಿದೋಳು ನೀನು. ನಿನ್ನ ಮಾತು ಅಂತ ನಂಬಿದ್ನಲ್ಲೇ ಅಕ್ಕ. ನನ್ನ ಕಣ್ಣಿಗೆ ಮಣ್ಣೆರಚಕ್ಕೆ ನಿಂಗೆ ಹೆಂಗೆ ಮನಸ್ಸು ಬಂತು?"

"ಆ ನಿಜ ಹೇಳಿದ್ಮೇಲೆ ಏನಾಯ್ತು ಗೊತ್ತಾ ನಿಂಗೆ?" ಎಂದಳು ಅಕ್ಕ. "ಆ ಮಳೆಗಾಲ ಪೂರ್ತಿ ನೀನು ಒಂದು ಮಾತಾಡ್ನಿಲ್ಲ. ತುತ್ತು ಬಾಯಿಗಿಟ್ರೆ ಉಗೀತಿದ್ದೆ. ಕಡ್ಡಿ ಆಗೋಗಿದ್ದೆ. ಇವಳೂ ಹೋಯ್ತಾಳೆ, ನಾನೇ ಕೊಂದೆ ಅಂತ ಅಮ್ಮನ ಸೀರೆ ಇಡ್ಕೊಂಡು ಅತ್ತೋಳು ನಾನು. ಇನ್ನು ಜನ್ಮದಲ್ಲಿ ಇವಳಿಗೆ ಇಂಥದ್ದು ಹೇಳಲ್ಲ ಅಂತ ಅವತ್ತೇ ಅಂದ್ಕೊಂಡೆ."

ಅದು ನನಗೆ ನೆನಪೇ ಇರಲಿಲ್ಲ. ನನಗೆ ನೆನಪಿದ್ದದ್ದು ಹಿತ್ತಲು ಮತ್ತು ಅಕ್ಕನ ಕೈ ಮಾತ್ರ.

"ಮತ್ತೆ ಆ ಹರಕೆ? ನಾನು ಕೂಗ್ತಿದ್ದಿದ್ದು ಕೇಳಿಸ್ಲಿಲ್ವಾ? ನೀನು ಪಕ್ಕದಲ್ಲಿ ಏನು ಹೇಳ್ಕೋತಿದ್ದೆ?"

"ಉಳಿದಿದ್ದನ್ನೂ ಕರಗಿಸು ತಾಯಿ ಅಂತ" ಎಂದಳು ಅಕ್ಕ. "ಅದಕ್ಕೇ ಕಣೆ ನಿನ್ನ ಕಾರಲ್ಲಿ ಕಳಿಸ್ಬುಟ್ಟು ನಾನು ಹತ್ತಿದ್ದು. ನೀನು ಸತ್ರೂ ಸರಿ ಅಂತ ಹೋದೆ ಅಂದ್ಕೊಂಡ್ಯಾ? ಅರ್ಧಕ್ಕೆ ನಿಲ್ಸಿದ್ರೆ ಅರ್ಧಾನೇ ಕರಗ್ತಿತ್ತು. ಮೇಲಿನ ಮೆಟ್ಲು ಮುಗಿಸಿದಾಗ ಕರಗೋಯ್ತು ಅಂತ ನನ್ನ ಮನ್ಸಿಗೆ ಬಂತು. ಕರಗಿದ್ದನ್ನ ಸ್ಕ್ಯಾನ್ ಮಾಡ್ಸಿ ಏನು ನೋಡಾದು?"

ಅವಳು ಅದನ್ನು ನಿಜವಾಗಿಯೂ ನಂಬಿದ್ದಳು. ಮುಖದಲ್ಲೇ ಕಾಣುತ್ತಿತ್ತು. ದುಡ್ಡಿಗೋ ದ್ವೇಷಕ್ಕೋ ಮೋಸ ಮಾಡಿದವರನ್ನಾದರೆ ಬೈದು ಮುಗಿಸಬಹುದು. ಇವಳನ್ನು ಏನೆಂದು ಬೈಯಲಿ? ಬೈಯಲಾಗದ್ದಕ್ಕೇ ಇನ್ನಷ್ಟು ರೇಗಿತು. "ನನ್ನ ಕಣ್ಣನ್ನ ಒತ್ತೆ ಇಟ್ಟು ನೀನು ಪುಣ್ಯ ಕಟ್ಕೊಂಡೆ" ಎಂದು ಹೇಳಿ ಹೊರಗೆ ಬಂದೆ. ಹೇಳಬಾರದ ಮಾತು. ಆದರೆ ಅವತ್ತು ನನಗೆ ಹಾಗೆಯೇ ಅನ್ನಿಸಿದ್ದು.

ಸಂಜೆ ಇವರು ಬಂದರು. ಬಾಗಿಲಲ್ಲೇ ಕೇಳಿದೆ. ಚಪ್ಪಲಿ ಬಿಡುತ್ತ ನಿಂತಲ್ಲೇ ನಿಂತುಬಿಟ್ಟರು. "ದಿನಾ ಹೇಳೋಣ ಅಂದ್ಕೊಳ್ತಿದ್ದೆ ಗಿರಿಜಾ. ನೀನು ಬಳೆ ಕಾಣ್ತಿದೆ ಅಂತ ಕುಣಿದಾಗ ಬಾಯಿ ಬರಲಿಲ್ಲ. ಆಮೇಲೆ ಸ್ಕ್ಯಾನಿಗೆ ಕರೆದಾಗ, ಏನಿರುತ್ತೋ ಅಂತ ನೋಡಕ್ಕೆ ಧೈರ್ಯ ಆಗಲಿಲ್ಲ" ಎಂದರು. ಅವರ ಮೇಲೆ ಕೂಗಾಡಿದೆ, ಎರಡು ವಾರ ಮಾತು ಬಿಟ್ಟೆ. ಆದರೆ ಒಳಗೊಳಗೆ ಅವರ ಮೇಲಿನ ಸಿಟ್ಟು ಬೇಗ ಇಳಿಯಿತು. ಧೈರ್ಯ ಸೊನ್ನೆ ಎಂದು ಮದುವೆಗೆ ಮುಂಚೆಯೇ ನನಗೆ ಹೇಳಿದ್ದರಲ್ಲ, ಹೇಳಿದವಳೂ ಅಕ್ಕನೇ.

ಎರಡನೇ ಆಪರೇಷನ್ ಆಯಿತು, ಆಮೇಲೆ ಉಳಿದದ್ದಕ್ಕೆ ವಿಕಿರಣ. ಈ ಸಲ ಎಷ್ಟು ಉಳಿದಿದೆ ಎಂದು ಡಾಕ್ಟರು ನನ್ನ ಮಂಚದ ಹತ್ತಿರ ಬಂದು ನನಗೇ ಹೇಳಿದರು. ಅಕ್ಕ ಆಸ್ಪತ್ರೆಗೆ ದಿನಾ ಊಟ ತಂದಳು, ನಾನು ದಿನಾ ಉಂಡೆ, ಮಾತಾಡಲಿಲ್ಲ. ಎಡಗಣ್ಣಿನ ಹೊರಬದಿ ಬರಲೇ ಇಲ್ಲ. ಸ್ಕೂಟರ್ ಮಾರಿದೆ. ಈಗ ಮೈದಾನದಲ್ಲಿ ಎಡಗೆರೆಗೆ ಒಬ್ಬ ಹುಡುಗಿಯನ್ನು ನಿಲ್ಲಿಸಿಕೊಳ್ಳುತ್ತೇನೆ, ಅವಳು ಕೂಗಿದ್ದಕ್ಕೆ ನಾನು ವಿಷಲ್ ಊದುತ್ತೇನೆ. ಇನ್ನೊಬ್ಬರ ಮಾತು ನಂಬಿ ವಿಷಲ್ ಊದುವುದು ನನಗೆ ಇವತ್ತಿಗೂ ಅಭ್ಯಾಸವಾಗಿಲ್ಲ. ಆಸ್ಪತ್ರೆಗೆ ಹೋದಾಗ ನಾನು ಒಳಗೆ, ಇವರು ಹೊರಗಿನ ಬೆಂಚಿನ ಮೇಲೆ. ಬಾಗಿಲು ನಾನೇ ಹಾಕಿಕೊಳ್ಳುತ್ತೇನೆ.

ಈ ತಿಂಗಳ ಮೊದಲಿಗೆ ಮತ್ತೆ ಸ್ಕ್ಯಾನ್ ಇತ್ತು. "ಒಂದು ನೆರಳು ಕಾಣ್ತಿದೆ" ಎಂದರು ಡಾಕ್ಟರು. "ಗಾಯದ ಕಲೆ ಇರಬಹುದು, ಗಡ್ಡೆ ಮತ್ತೆ ಚಿಗುರ್ತಿರಬಹುದು. ಈಗಲೇ ಹೇಳಕ್ಕಾಗಲ್ಲ, ಆರು ತಿಂಗಳು ಬಿಟ್ಟು ನೋಡೋಣ." ಹೆದರಿಕೆಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಆ ಹೆದರಿಕೆ ನನ್ನದೇ ಆಗಿತ್ತು, ಬೇರೆ ಯಾರೋ ನನ್ನ ಹೆಸರಿನಲ್ಲಿ ಬಚ್ಚಿಟ್ಟುಕೊಂಡದ್ದಲ್ಲ. ಅದಾದ ಮೇಲೆಯೇ ಅಕ್ಕ ಡಬ್ಬಿ ತಂದು ಮೇಜಿನ ಮೇಲಿಟ್ಟು ಹೋದದ್ದು.

ನಿನ್ನೆ ಆಷಾಢ ಶುಕ್ರವಾರ. ಕ್ಷಮಿಸಿಬಿಟ್ಟೆ ಎಂದು ಹೋದದ್ದಲ್ಲ. ಬೆಳಿಗ್ಗೆ ಬೇಗ ಎದ್ದು, ಇಡ್ಲಿ ಹಾಕಿಕೊಂಡು ಹೊಟ್ಟೆ ತುಂಬ ತಿಂದು, ಡಬ್ಬಿ ಎತ್ತಿಕೊಂಡು ಪಾದಕ್ಕೆ ಹೋದೆ. ಅಕ್ಕ ಅಲ್ಲಿ ನಿಂತಿದ್ದಳು. ಅವಳಿಗೂ ವಯಸ್ಸಾಗಿದೆ. ಅವಳ ಎದುರಿಗೇ ಬಿಳೀ ಮಾತ್ರೆ ನುಂಗಿ ನೀರು ಕುಡಿದೆ. ಈ ಸಲ ಅವಳು ತಡೆಯಲಿಲ್ಲ.

"ಡಾಕ್ಟ್ರು ಏನಂದ್ರು?" ಎಂದಳು.

"ನೆರಳು ಇದೆ ಅಂದ್ರು. ಮತ್ತೆ ಬಂದಿರಬಹುದು, ಬರದೇನೂ ಇರಬಹುದು."

ಮೊದಲ ಮೆಟ್ಟಿಲಿಗೆ ಬಗ್ಗಿದೆವು. ನಾನು ಅರಿಶಿನ ಹಚ್ಚಿದೆ. ಅಕ್ಕ ಅಭ್ಯಾಸದಂತೆ ಎಡಗಡೆಗೆ ಹೋಗಿದ್ದಳು. ಬಳೆಯ ಸದ್ದು ಮಾತ್ರ ಬಂತು.

"ಅಕ್ಕ, ಈ ಕಡೆ ಬಾ" ಎಂದೆ.

"ಯಾಕೆ? ನಾನು ಯಾವಾಗ್ಲೂ ಎಡಗಡೇನೇ ಅಲ್ವಾ?"

"ಅಲ್ಲಿದ್ರೆ ನೀನು ನಂಗೆ ಕಾಣಲ್ಲ. ಕಾಣೋ ಕಡೆ ಬಾ."

ಅಕ್ಕ ಮಂಡಿ ಹಿಡಿದುಕೊಂಡು ಎದ್ದು, ನನ್ನ ಹಿಂದಿನಿಂದ ಸುತ್ತಿ ಬಂದು ಬಲಗಡೆ ಕೂತಳು. ಕುಂಕುಮದ ಬೆರಳನ್ನು ಮೆಟ್ಟಿಲಿಗೆ ಒತ್ತಿದಳು. ಅವಳ ತುಟಿ ಅಲ್ಲಾಡುತ್ತಿತ್ತು.

"ಬಾಯಿಬಿಟ್ಟು ಕೇಳ್ಕೊ" ಎಂದೆ. "ನಂಗೂ ಕೇಳಿಸ್ಲಿ."

ಹಿಂದಿನ ಹೆಂಗಸರು ನಮಗಾಗಿ ಕಾಯುತ್ತಿದ್ದರು. ಅಕ್ಕ ಸುತ್ತ ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ಬೆರಳನ್ನು ಕಲ್ಲಿನಿಂದ ತೆಗೆಯದೆ, ಸಂತೆಯಲ್ಲಿ ಕೂಗುವವಳ ಹಾಗೆ ಜೋರಾಗಿ, ಒಡೆದ ದನಿಯಲ್ಲಿ ಹೇಳಿದಳು. "ಪೂರ್ತಿ ಹೋಗಿರ್ನಿಲ್ಲ ಕಣವ್ವ. ಇವಳ ತಲೇಲಿ ಉಳಿದಿತ್ತು. ನಂಗೆ ಗೊತ್ತಿತ್ತು. ಇವಳಿಗೆ ಹೇಳ್ನಿಲ್ಲ."

ನಾನು ಡಬ್ಬಿಯಲ್ಲಿ ಕೈ ಅದ್ದಿ ಎರಡನೇ ಮೆಟ್ಟಿಲಿಗೆ ಹೋದೆ.